ಎತ್ತಿನ ಹೆಗಲಿಗೆ ಕಾನೂನು, ಅವ್ವನ ಟೊಂಕಕ್ಕೆ ಗುಳಗಿ

ಈ ದೇಶದಲ್ಲಿ ಎತ್ತುಗಳನ್ನು ಎಣಿಸುತ್ತಾರೆ. ಇಪ್ಪತ್ತನೆಯ ಜಾನುವಾರು ಗಣತಿಯ ಲೆಕ್ಕ 2019ರಲ್ಲಿ ಹೊರಬಂತು, ಇಪ್ಪತ್ತೊಂದನೆಯದು 2024ರ ಅಕ್ಟೋಬರಿನಲ್ಲಿ ಶುರುವಾಯಿತು. ಬರೀ ಎಣಿಸಿ ಬಿಡುವುದಿಲ್ಲ. ಹೂಡುವ, ಹೇರುವ ಪ್ರಾಣಿಗಳಿಗೆ ಹಿಂಸೆಯಾಗಬಾರದೆಂದು 1965ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ದಿನಕ್ಕೆ ಒಟ್ಟು ಒಂಬತ್ತು ತಾಸಿಗಿಂತ ಹೆಚ್ಚು ದುಡಿಸಬಾರದು. ಬಿಡುವು ಕೊಡದೆ ಐದು ತಾಸಿನ ಮೇಲೆ ಎಳೆಸಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಹೂಡಲೇಬಾರದು.

ನಿಯಮ ಒಳ್ಳೆಯದೇ. ಎತ್ತಿನ ಮೇಲೆ ನಮಗೆ ಸಿಟ್ಟಿಲ್ಲ, ಅದರ ಸಗಣಿ ಬಳಿದು ಬೆಳೆದವರು ನಾವು. ನಮ್ಮ ಪ್ರಶ್ನೆ ಬೇರೆ. ಅದೇ ಹೊಲದಾಗ, ಅದೇ ಎತ್ತು ಎಡಿಕುಂಟಿ ಎಳೆದುಕೊಂಡು ಹೋದಮ್ಯಾಗ, ಸಾಲಿನೊಳಗೆ ಉಳಿದ ಕಸವನ್ನು ಕುಂತು ಬಾಗಿ ಕೀಳುತ್ತಾ ಬರುವ ನಮ್ಮ ಅವ್ವನನ್ನು ಯಾರು ಎಣಿಸಿದ್ದಾರೆ? ಆಕೆ ಎಷ್ಟು ತಾಸಿಗೊಮ್ಮೆ ಎದ್ದು ಟೊಂಕ ನೆಟ್ಟಗೆ ಮಾಡಬೇಕೆಂಬ ಲೆಕ್ಕ ಯಾವ ಹೊಲದಾಗ ನಡೆಯುತ್ತದೆ?

ಕುಂದಗೋಳ ತಾಲೂಕಿನ ಯರಗುಪ್ಪಿಯ ಕಡೆ ಒಮ್ಮೆ ಕಸ ತೆಗೆಯುವ ದಿನಗಳಲ್ಲಿ ಹೋಗಿ ನೋಡಿ. ಎರೆ ನೆಲ. ಮಳೆ ಬಿದ್ದರೆ ಒಂದೊಂದು ಹೆಜ್ಜೆಗೂ ಕಾಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ. ಎಡಿ ಹೊಡೆಯುವ ಗಂಡಸು ಎತ್ತಿನ ಹಿಂದೆ ನಿಂತು ನಡೆಯುತ್ತಾನೆ. ಕುರ್ಪಿ ಹಿಡಿದ ಹೆಂಗಸರು ಕುಕ್ಕರಗಾಲಲ್ಲಿ ಕುಂತು ಕುಂತೇ ಮುಂದೆ ಸರಿಯುತ್ತಾರೆ, ಮುಂಜಾನಿಯಿಂದ ಸಂಜಿತನಕ. ಹತ್ತಿ ಬಿಡಿಸುವಾಗ ಉಡಿ ಕಟ್ಟಿಕೊಳ್ಳುತ್ತಾರೆ. ಉಡಿ ತುಂಬಿದಷ್ಟೂ ಭಾರ ಜಗ್ಗುವುದು ಟೊಂಕವನ್ನೇ. ಕಡ್ಲಿ ಕೀಳುವಾಗ ಅದರ ಹುಳಿಗೆ ಬೆರಳು ಸುಲಿಯುತ್ತವೆ. ಶೇಂಗಾ, ಉಳ್ಳಾಗಡ್ಡಿ, ಮೆಣಸಿನಕಾಯಿ ಯಾವುದೇ ಇರಲಿ, ನಿಂತು ಮಾಡುವ ಕೆಲಸ ಯಾರ ಪಾಲಿಗೆ, ಬಾಗಿ ಮಾಡುವ ಕೆಲಸ ಯಾರ ಪಾಲಿಗೆ ಅನ್ನುವುದನ್ನು ಒಂದು ದಿನ ಬದುವಿನ ಮ್ಯಾಲ ನಿಂತರೆ ಯಾರಾದರೂ ಹೇಳಬಹುದು. ಮನೆಗೆ ಬಂದ ಮೇಲೆ ಕೊಡ ಹೊತ್ತು ನೀರಿಗೆ ಹೋಗಬೇಕು. ಈ ಸೀಮೆಯ ಬಾವಿ, ಬೋರಿನ ನೀರು ಬಹಳ ಕಡೆ ಸವಳು, ಕುಡಿಯುವ ನೀರು ಕೆರೆಯದು. ಹುಬ್ಬಳ್ಳಿ ಪ್ಯಾಟ್ಯಾಗ ಹಮಾಲಿಗೆ ಹೋದ ಅಪ್ಪಂದಿರ ಬೆನ್ನಿನ ಕತೆ ಬೇರೆಯೇ ಇದೆ. ಒಬ್ಬ ಗಂಡಾಳು 55 ಕಿಲೋಗಿಂತ ಹೆಚ್ಚು ಹೊರಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ಶಿಫಾರಸು ಮಾಡಿತು. ನಮ್ಮವರು ಕ್ವಿಂಟಾಲ್ ಚೀಲ ಹೊತ್ತು ಮುಪ್ಪಾದರು.

ಈ ನೋವಿಗೆ ಕೇರಿಯಲ್ಲಿ ಎಷ್ಟು ಹೆಸರು! ಟೊಂಕ ಹಿಡಿದೈತಿ. ಕೀಲು ಬ್ಯಾನಿ. ಮೊಣಕಾಲಾಗ ಚುಚ್ಚತೈತಿ. ಕೈ ಜೋಮು ಹಿಡಿತಾವು. ಅಂಗಾಲು ಉರಿ. ಮಗ್ಗಲ ಹೊಳ್ಳಾಕ ಆಗಂಗಿಲ್ಲ. ಕುಂತರ ಏಳಾಕ ಬರಂಗಿಲ್ಲ. ಇಷ್ಟೂ ಮಾತು ದವಾಖಾನಿಯ ಚೀಟಿಯಲ್ಲಿ ಎರಡೇ ಶಬ್ದ ಆಗುತ್ತವೆ: ಮೈಕೈ ನೋವು. ಅದಕ್ಕೊಂದು ಗುಳಗಿ, ಬಹಳಾದರೆ ಒಂದು ಸೂಜಿ. ಸೂಜಿ ಮಾಡಿಸಿಕೊಂಡು ಬಂದ ಹೆಣ್ಣುಮಗಳು ಮರುದಿನ ಮತ್ತೆ ಅದೇ ಸಾಲಿಗೆ ಕುಂತಿರುತ್ತಾಳೆ. ಬರಿ ಹೊಟ್ಟೆಯಲ್ಲಿ, ವರ್ಷಗಟ್ಟಲೆ ನುಂಗಿದ ನೋವಿನ ಗುಳಗಿ ಕರುಳಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧಿಯನ್ನು ದನಗಳಿಗೆ ಕೊಡಬಾರದೆಂದು 2006ರಲ್ಲಿ ತಡೆದರು. ಯಾಕೆಂದರೆ ಆ ದನದ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. ಹದ್ದಿನ ಮೂತ್ರಪಿಂಡ ಕಣ್ಣಿಗೆ ಬಿದ್ದ ದೇಶ ಇದು, ಸಂತೋಷ. ಸತ್ತ ದನ ಎಳೆದವರ ಮನೆಯ ಮೂತ್ರಪಿಂಡಗಳೂ ಒಂದು ದಿನ ಕಣ್ಣಿಗೆ ಬೀಳಲಿ.

ಇಷ್ಟು ಹೇಳಿದೊಡನೆ ತಿಳಿದವರ ಉತ್ತರ ತಯಾರಿರುತ್ತದೆ: "ವಯಸ್ಸಾತು, ಯಾರಿಗೆ ಬರಂಗಿಲ್ಲ ಹೇಳು?"

ಬರುತ್ತದೆ, ಎಲ್ಲರಿಗೂ ಬರುತ್ತದೆ. ಆದರೆ ಎಲ್ಲರಿಗೂ ಒಂದೇ ವಯಸ್ಸಿಗೆ ಬರುವುದಿಲ್ಲ, ಒಂದೇ ಅಳತೆಯಲ್ಲಿ ಬರುವುದಿಲ್ಲ. ಮೂರು ತಿಂಗಳ ಆಚೆಗೂ ಉಳಿದ ನೋವನ್ನು, ಅಥವಾ ಹೋಗಿ ಹೋಗಿ ಮರಳುವ ನೋವನ್ನು, ದೀರ್ಘಕಾಲದ ನೋವು ಎಂದು ವೈದ್ಯರು ಕರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಅದು ತಾನೇ ಒಂದು ಕಾಯಿಲೆಯೆಂದು ಜಾಗ ಪಡೆಯಿತು. ಅಂದರೆ ಬೇರೆ ರೋಗದ ಬಾಲವಾಗಿ ಮಾತ್ರವಲ್ಲ, ಸ್ವಂತ ಹೆಸರಿನಲ್ಲೇ. 2020ರಲ್ಲಿ ಲೋಕದಲ್ಲಿ 61.9 ಕೋಟಿ ಜನಕ್ಕೆ ಟೊಂಕದ ನೋವಿತ್ತು. ಮನುಷ್ಯರನ್ನು ಸಾಯಿಸದೆ ಕೈಲಾಗದವರನ್ನಾಗಿ ಮಾಡುವುದರಲ್ಲಿ ಇದನ್ನು ಮೀರಿಸಿದ್ದು ಇನ್ನೊಂದಿಲ್ಲ. ಲೆಕ್ಕ ತೆಗೆದ ದೇಶಗಳಲ್ಲೆಲ್ಲ ಒಂದು ಮಾತು ಮತ್ತೆ ಮತ್ತೆ ಬಂದಿದೆ. ಬಡವರಲ್ಲಿ ಹೆಚ್ಚು, ಹೆಂಗಸರಲ್ಲಿ ಹೆಚ್ಚು, ಓದು ಕಡಿಮೆ ಇದ್ದವರಲ್ಲಿ ಹೆಚ್ಚು. ಇದರಲ್ಲಿ ವಯಸ್ಸು ಒಂದು ಕಾರಣ ಮಾತ್ರ. ಉಳಿದದ್ದು ಯಾರು ಏನು ಕೆಲಸ ಮಾಡಿದರು, ಎಷ್ಟು ವರ್ಷ ಮಾಡಿದರು, ನೋವು ಬಂದಾಗ ಬಿಡುವು ಸಿಕ್ಕಿತೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ.

ಹಾಗಾದರೆ ನಮ್ಮ ದೇಶದ ಲೆಕ್ಕ ಎಲ್ಲಿದೆ? ಇಲ್ಲವೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. 2014ರಲ್ಲಿ ಅಚ್ಚಾದ ಒಂದು ಅಧ್ಯಯನ 5004 ಜನರನ್ನು ಕೇಳಿ, ನೂರಕ್ಕೆ 13 ಜನಕ್ಕೆ ದೀರ್ಘಕಾಲದ ನೋವಿದೆ ಎಂದಿತು. ಕೇಳಿದ್ದು ಎಂಟು ಶಹರಗಳಲ್ಲಿ! ಎರೆ ನೆಲದ ನೋವನ್ನು ಡಾಂಬರು ರಸ್ತೆಯ ಮೇಲೆ ಹುಡುಕಿದಂತೆ. ಆಮೇಲೆ 2017-18ರಲ್ಲಿ ಕೇಂದ್ರ ಸರ್ಕಾರ ಮುಪ್ಪಿನ ಬಗ್ಗೆ ದೊಡ್ಡ ಸಮೀಕ್ಷೆ ಶುರು ಮಾಡಿತು, 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿತು, ಹಳ್ಳಿಗೂ ಬಂತು, ನೋವಿನ ಪ್ರಶ್ನೆಯನ್ನೂ ಕೇಳಿತು. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಪದೇ ಪದೇ ನೋವು ತಿನ್ನುತ್ತಾರೆ ಎಂದು ಅದರಿಂದ ಗೊತ್ತಾಯಿತು. ಶಹರದ ಲೆಕ್ಕಕ್ಕೂ ಇದಕ್ಕೂ ಎಷ್ಟು ಅಂತರ ನೋಡಿ. ಆದರೆ ಆ ಸಮೀಕ್ಷೆ ಕೇಳಿದ್ದು 45 ವಯಸ್ಸು ದಾಟಿದವರನ್ನು ಮತ್ತು ಅವರ ಗಂಡ ಹೆಂಡಿರನ್ನು.

ನಲವತ್ತೈದು! ವಿಶ್ವಸಂಸ್ಥೆಯ ಮಹಿಳಾ ವಿಭಾಗ 2018ರಲ್ಲಿ ಹೊರತಂದ ವರದಿಯನ್ನು ನಮ್ಮ ಹಾಸ್ಟೆಲಿನ ಪ್ರತಿ ಗೋಡೆಗೂ ಅಂಟಿಸಬೇಕು. ಭಾರತದಲ್ಲಿ ತೀರಿಕೊಂಡ ದಲಿತ ಹೆಣ್ಣುಮಕ್ಕಳ ಸರಾಸರಿ ವಯಸ್ಸು 39.5, ಮೇಲ್ಜಾತಿಯ ಹೆಣ್ಣುಮಕ್ಕಳದು 54.1. (ಈ ಸರಾಸರಿಯಲ್ಲಿ ಕೂಸಾಗಿದ್ದಾಗಲೇ ಸತ್ತವರೂ ಸೇರಿದ್ದಾರೆ. ಆದ್ದರಿಂದ ನಮ್ಮವರೆಲ್ಲ ನಲವತ್ತಕ್ಕೆ ಸಾಯುತ್ತಾರೆಂದು ತಿಳಿಯಬೇಡಿ. ಆದರೂ 14.6 ವರ್ಷದ ಅಂತರ ಅಂತರವೇ.) ಹತ್ತು ಹನ್ನೆರಡು ವರ್ಷಕ್ಕೇ ಕುರ್ಪಿ ಹಿಡಿದವಳ ಟೊಂಕ ಮೂವತ್ತಕ್ಕೇ ಹೋಗಿರುತ್ತದೆ. ಅವಳ ನೋವಿಗೆ ಆಗಲೇ ಹದಿನೈದು ವರ್ಷ ಆದಮೇಲೆ ಎಣಿಸುವವರು ಪುಸ್ತಕ ಹಿಡಿದು ಬರುತ್ತಾರೆ. ಬಂದಾಗ ಅವಳು ಇದ್ದರೆ ಅದೃಷ್ಟ.

ಇನ್ನು ಕೈಲಾಗದವರ ಪಟ್ಟಿ. 2011ರ ಜನಗಣತಿ 2.68 ಕೋಟಿ ಅಂಗವಿಕಲರನ್ನು ಎಣಿಸಿತು. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿತು. ಅವು ಒಂದೊಂದೂ ಬೇಕಾದವೇ, ಹೋರಾಡಿ ಪಡೆದವೇ. ಆ ಇಪ್ಪತ್ತೊಂದರಲ್ಲಿ ವರ್ಷಗಟ್ಟಲೆ ಬಿಡದ ಟೊಂಕದ ನೋವಿಗೆ ಒಂದು ಹೆಸರಿಲ್ಲ. ಕೈ ಇದೆ, ಕಾಲಿದೆ, ನಡೆಯುತ್ತಾಳೆ, ಮತ್ತೇನು? 1948ರ ಇಎಸ್‌ಐ ಕಾಯ್ದೆ ಕಾರ್ಖಾನೆಯವರಿಗೆ ಜಡ್ಡು ಬಂದರೆ ರಜೆಯ ದುಡ್ಡು ಕೊಡಿಸಿತು. ಆ ಕಾಯ್ದೆ ಕಾರ್ಖಾನೆಯ ಗೇಟು ದಾಟಿ ಹೊಲಕ್ಕೆ ಬರಲಿಲ್ಲ. ಹೊಲದಲ್ಲಿ ಇರುವವರು ಯಾರು? 2011ರ ಲೆಕ್ಕದಲ್ಲಿ ದೇಶದ ಎಲ್ಲ ದುಡಿಯುವವರಲ್ಲಿ ನೂರಕ್ಕೆ 30 ಜನ ಕೃಷಿ ಕೂಲಿಗಳು, ಪರಿಶಿಷ್ಟ ಜಾತಿಯ ದುಡಿಯುವವರಲ್ಲಿ ಹತ್ತಿರ ಹತ್ತಿರ ಅರ್ಧ. ಎರಡು ಲೆಕ್ಕ ಪಕ್ಕ ಪಕ್ಕ ಇಟ್ಟು ನೋಡಿ. ಬಾಗುವ ಕೆಲಸ ಕೂಲಿಯದು, ಕೂಲಿ ನಮ್ಮ ಕೇರಿಯದು, ನೋವು ಬಾಗುವ ಕೆಲಸದ್ದು. ಜಾತಿಪದ್ಧತಿ ಕೆಲಸಗಳನ್ನು ಮಾತ್ರ ಹಂಚಿದ್ದಲ್ಲ, ಕೆಲಸಗಾರರನ್ನೇ ಒಡೆದು ಮೇಲೆ ಕೆಳಗೆ ಕೂರಿಸಿತು ಎಂದು ಬಾಬಾಸಾಹೇಬರು 1936ರಲ್ಲೇ ವಾದಿಸಿದ್ದರು. ಬೆನ್ನಿನ ನೋವೂ ಅದೇ ಮೆಟ್ಟಿಲಲ್ಲಿ ಕೆಳಗಿಳಿದು ಬಂದಿದೆ.

ಅಮೆರಿಕದವರು 2021ರಲ್ಲಿ ಎಣಿಸಿದಾಗ ದೊಡ್ಡವರಲ್ಲಿ ನೂರಕ್ಕೆ 20.9 ಜನ ಇಂಥ ನೋವಿನವರು ಎಂದು ಸಿಕ್ಕಿತು. ಅವರು ಅಲ್ಲಿಗೇ ಬಿಡದೆ ಜನಾಂಗದ ಕಾಲಂ ಹಾಕಿ ನೋಡಿದರು. ಎಲ್ಲರಿಗಿಂತ ಹೆಚ್ಚು ನೋವು ಆ ನೆಲದ ಮೂಲನಿವಾಸಿಗಳಲ್ಲಿ. ನೆಲ ಕಳೆದುಕೊಂಡವರ ಮೈಯಲ್ಲಿ ನೋವು ಉಳಿದದ್ದು ಕಾಲಂ ಹಾಕಿದ್ದರಿಂದ ಕಂಡಿತು.

ನಮ್ಮ ರಾಜ್ಯದಲ್ಲಿ ನೋವಿಗೂ ಜಾತಿಗೂ ಇರುವ ನಂಟು ದಾಖಲೆಗೆ ಬಂದದ್ದೇ ಇಲ್ಲವೇ? ಒಂದು ಸಲ ಬಂದಿದೆ. ಸಾಗರ ತಾಲೂಕಿನ ಹಂಡಿಗೋಡು. 1970ರ ದಶಕದ ನಡುವೆ ಅಲ್ಲಿ ಒಂದು ಬೇನೆ ಹೊರಜಗತ್ತಿನ ಕಣ್ಣಿಗೆ ಬಿತ್ತು. ಸೊಂಟದ ಕೀಲು, ಮೊಣಕಾಲ ಕೀಲು ಸವೆದು, ನೋವಿನಿಂದ ನಡೆಯಲಾಗದೆ, ಕೆಲವರು ತೆವಳುವ ಸ್ಥಿತಿಗೆ ಬಂದಿದ್ದರು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯವರು ಬಂದು ನೋಡಿ 1977ರಲ್ಲಿ ಬರೆದರು. ಬೇನೆ ಶಿವಮೊಗ್ಗ, ಚಿಕ್ಕಮಗಳೂರಿನ ಕೆಲವು ಊರುಗಳಲ್ಲಿತ್ತು. ಬಂದದ್ದು ಬಹುಪಾಲು ಚಲವಾದಿ ಮತ್ತು ಚನ್ನಂಗಿ ಜನಕ್ಕೆ. ಗದ್ದೆಯ ಏಡಿ ತಿಂದದ್ದಕ್ಕೆ, ಆ ಏಡಿಯಲ್ಲಿ ಗದ್ದೆಗೆ ಹೊಡೆದ ವಿಷ ಸೇರಿದ್ದಕ್ಕೆ ಎಂದು ಮೊದಲು ಮಾತು ಹಬ್ಬಿತು. ಇದು ವಂಶದಲ್ಲಿ ಇಳಿದು ಬರುವ ಬೇನೆ ಎಂದು ಆಮೇಲಿನ ಸಂಶೋಧನೆಗಳು ಹೇಳಿದವು. ಇರಲಿ, ವಿಜ್ಞಾನದ ಜೊತೆ ನಮಗೆ ಜಗಳವಿಲ್ಲ. ನಾವು ಗಮನಿಸಬೇಕಾದ್ದು ಇದು. ಅಲ್ಲಿ ಜಾತಿಯ ಹೆಸರು ವರದಿಗೆ ಬಂದದ್ದು ಎಲುಬು ಸೊಟ್ಟಗಾಗಿ ಕಣ್ಣಿಗೆ ಕಂಡದ್ದರಿಂದ. ಯರಗುಪ್ಪಿಯ ಟೊಂಕ ಹೊರಗಿನಿಂದ ನೆಟ್ಟಗೇ ಕಾಣುತ್ತದೆ. ಅದಕ್ಕೆ ಯಾವ ಸಂಸ್ಥೆಯೂ ಜೀಪು ಹತ್ತಿ ಬರುವುದಿಲ್ಲ.

"ಅವರಿಗೆ ರೂಢಿ ಆಗಿರತೈತಿ" ಅನ್ನುವ ಮಾತಂತೂ ನಮಗೆ ಬೈಗುಳಕ್ಕಿಂತ ಕಡೆ. ದುಡಿಯುವವರ ಮೈ ಗಟ್ಟಿ, ನಮ್ಮಂಗ ಮೆತ್ತಗಲ್ಲ ಎಂದು ಹೊಗಳಿದಂತೆ ಹೇಳುತ್ತಾರೆ. ಈ ಹೊಗಳಿಕೆಯ ಅಣ್ಣತಮ್ಮಂದಿರು ಎಲ್ಲಾ ಕಡೆ ಇದ್ದಾರೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು 2016ರಲ್ಲಿ ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನೂ ಎಳೆಯ ಡಾಕ್ಟರುಗಳನ್ನೂ ಕೇಳಿ ನೋಡಿದರು. ಕರಿಯರ ಚರ್ಮ ದಪ್ಪ ಎನ್ನುವಂಥ ಸುಳ್ಳುಗಳಲ್ಲಿ ಒಂದಾದರೂ ನಿಜವೆಂದು ನಂಬಿದವರು ಅರ್ಧದಷ್ಟು ಜನ. ಹಾಗೆ ನಂಬಿದವರು ಕರಿಯ ರೋಗಿಯ ನೋವನ್ನು ಕಡಿಮೆ ಅಂದಾಜು ಮಾಡಿದರು. ಇದು ಗುಲಾಮರ ಕಾಲದ ಪುಸ್ತಕದ ಮಾತಲ್ಲ, ಮೊನ್ನೆ ಮೊನ್ನೆ ಡಾಕ್ಟರ್ ಆದವರದು. ನಮ್ಮಲ್ಲಿ ಜಾತಿಯ ಹೆಸರಲ್ಲಿ ಇಂಥ ಪರೀಕ್ಷೆ ಯಾರು ಮಾಡಬೇಕು? ವೈದ್ಯಕೀಯ ಸೀಟು ಹಿಡಿದು ಇದೇ ಹಾಸ್ಟೆಲುಗಳಿಂದ ಹೋದ ಗೆಳೆಯರೇ, ನಿಮ್ಮನ್ನೇ ಕೇಳುತ್ತಿದ್ದೇವೆ.

ನೋವನ್ನು ನಂಬದಿದ್ದರೆ ಒಂದು ಕೇಡು. ನಂಬಿದಂತೆ ನಟಿಸಿ ಕತ್ತರಿ ಹಿಡಿದರೆ ಇನ್ನೂ ದೊಡ್ಡ ಕೇಡು. ಟೊಂಕ ನೋವು, ಕಿಬ್ಬೊಟ್ಟೆ ನೋವು, ಬಿಳಿ ಹೋಗುವುದು ಎಂದು ದವಾಖಾನೆಗೆ ಹೋದ ಕೂಲಿ ಹೆಂಗಸರು ಗರ್ಭಕೋಶ ಕಳೆದುಕೊಂಡು ಮನೆಗೆ ಬಂದದ್ದನ್ನು ಕಲಬುರಗಿಯಲ್ಲಿ 2015ರಲ್ಲಿ ಕೇಳಿದೆವು. ಅಲ್ಲಿ ಲಂಬಾಣಿ ತಾಂಡಾದವರು, ದಲಿತ ಕೇರಿಯವರೇ ಹೆಚ್ಚು. ಹಳೆಯ ಧಾರವಾಡ ಜಿಲ್ಲೆಗೇ ಸೇರಿದ್ದ ರಾಣೆಬೆನ್ನೂರಿನಲ್ಲೂ ಅದೇ ಕೂಗು ಎದ್ದಿತು. ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ 2019ರಲ್ಲಿ ಸರ್ಕಾರವೇ ಸಮಿತಿ ಮಾಡಿ ಕಬ್ಬು ಕಡಿಯುವ 82,309 ಹೆಂಗಸರ ಲೆಕ್ಕ ತೆಗೆದಾಗ ಅವರಲ್ಲಿ 13,861 ಜನಕ್ಕೆ ಗರ್ಭಕೋಶ ಇರಲಿಲ್ಲ. ಕಬ್ಬಿನ ಹೊರೆ ಮಾತ್ರ ತಲೆಯ ಮೇಲೆ ಮೊದಲಿನಷ್ಟೇ ಇತ್ತು. ಹೊರೆ ಇಳಿಸಿ ಎಂದು ಚೀಟಿ ಬರೆದ ಡಾಕ್ಟರು ಎಷ್ಟು ಮಂದಿ?

ಹೊರೆ ಇಳಿಸಲು ಬರುತ್ತದೆ, ಗೆಳೆಯರೇ. ದೇವರು ಹಣೆಯಲ್ಲಿ ಬರೆದ ನೋವಲ್ಲ ಇದು. ಕ್ಯಾಲಿಫೋರ್ನಿಯಾದ ತೋಟಗಳಲ್ಲಿ ಮೆಕ್ಸಿಕೋದಿಂದ ಬಂದ ಕೂಲಿಗಳ ಕೈಗೆ ಗಿಡ್ಡ ಹಿಡಿಕೆಯ ಗುದ್ದಲಿ ಕೊಡುತ್ತಿದ್ದರು. ಬಾಗಿದರಷ್ಟೇ ನೆಲಕ್ಕೆ ಮುಟ್ಟುತ್ತಿತ್ತು. ಉದ್ದ ಹಿಡಿಕೆ ಕೊಟ್ಟರೆ ಬೆಳೆ ಹಾಳಾಗುತ್ತದೆ ಎಂದು ಒಡೆಯರು ವಾದಿಸಿದರು. ಒಳಗಿನ ಮಾತು ಬೇರೆ ಇತ್ತು. ಎಲ್ಲರೂ ಬಾಗಿದ್ದರೆ ಎದ್ದು ನಿಂತವನು ದೂರದಿಂದಲೇ ಮೇಸ್ತ್ರಿಗೆ ಕಾಣುತ್ತಾನೆ! ಕೂಲಿಗಳು ಬೆನ್ನು ಮುರಿದ ಲೆಕ್ಕ ಹಿಡಿದು ಕೋರ್ಟಿಗೆ ಹೋದರು, ಡಾಕ್ಟರುಗಳು ಸಾಕ್ಷಿ ಹೇಳಿದರು, 1975ರಲ್ಲಿ ಆ ಗಿಡ್ಡ ಗುದ್ದಲಿಗೆ ನಿಷೇಧ ಬಂತು. ತೋಟಗಳು ಹಾಳಾಗಲಿಲ್ಲ. ಬದಲಾದದ್ದು ಹಿಡಿಕೆಯ ಉದ್ದ ಅಷ್ಟೇ. ನಮ್ಮಲ್ಲೂ ನಿಂತು ತಳ್ಳುವ ಗಾಲಿ ಕುಂಟಿಗಳಿವೆ, ಉದ್ದ ಹಿಡಿಕೆಯ ಸಾಮಾನುಗಳಿವೆ. ತರಬೇಕಾದವನು ಹೊಲದ ಒಡೆಯ. ನೋಯುವುದು ಅವನ ಟೊಂಕವಲ್ಲವಾದ್ದರಿಂದ ಅವನು ತರುವುದಿಲ್ಲ. ಈಗ ಅವನಿಗೆ ಇನ್ನೊಂದು ದಾರಿ ಸಿಕ್ಕಿದೆ, ಕಸದ ಎಣ್ಣಿ ಹೊಡೆಸುತ್ತಾನೆ. ಟೊಂಕ ಉಳಿಯಿತಲ್ಲ ಅನ್ನುವಷ್ಟರಲ್ಲಿ ಕೂಲಿಯೇ ಹೋಯಿತು. ಹಾಗಾಗಿ ಬರೀ ಸಾಮಾನು ಕೇಳಿದರೆ ಸಾಲದು. ಕೂಲಿಯೂ ಉಳಿಯಬೇಕು, ಟೊಂಕವೂ ಉಳಿಯಬೇಕು ಎಂದು ಎರಡನ್ನೂ ಒಟ್ಟಿಗೆ ಕೇಳಬೇಕು.

ನಮ್ಮ ಸಭೆಗಳಲ್ಲಿ ಕೆಲವು ಹಿರಿಯ ಗೆಳೆಯರಿಗೆ ಇದು ಸಣ್ಣ ವಿಷಯವಾಗಿ ಕಾಣುತ್ತದೆ. ಭೂಮಿ ಇದೆ, ಮೀಸಲಾತಿ ಇದೆ, ದೌರ್ಜನ್ಯ ಇದೆ, ಅದರ ನಡುವೆ ಹೆಂಗಸರ ಟೊಂಕ ನೋವೇ ಎಂದು ನಗುತ್ತಾರೆ. ಅವರಿಗೆ ಒಂದು ಮಾತು ನೆನಪು ಮಾಡುತ್ತೇವೆ. ಸಂವಿಧಾನದ ಕರಡು ಸಿದ್ಧವಾಗುವ ಹೊತ್ತಿಗೆ ಬಾಬಾಸಾಹೇಬರು ಕಾಲಿನ ನರಗಳ ನೋವಿನಿಂದ ರಾತ್ರಿ ನಿದ್ದೆ ಇಲ್ಲದೆ ನರಳುತ್ತಿದ್ದರು, 1948ರಲ್ಲಿ ಚಿಕಿತ್ಸೆಗೆ ಮುಂಬಯಿಗೆ ಹೋಗಬೇಕಾಯಿತು. ನಮ್ಮ ಗೋಡೆಯ ಪಟಗಳಲ್ಲಿ ಅವರ ಎತ್ತಿದ ಬೆರಳು ಇದೆ, ಆ ಕಾಲಿನ ಸುದ್ದಿ ಇಲ್ಲ. ಅವರ ನೋವಿಗೆ ಒಬ್ಬ ಡಾಕ್ಟರಾದರೂ ಸಿಕ್ಕರು. ಭೂಮಿಯ ಹೋರಾಟಕ್ಕೆ ಬರಬೇಕಾದ ಅವ್ವಂದಿರು ಬಸ್ಸು ಹತ್ತಲಾರದೆ ಕೇರಿಯಲ್ಲೇ ಉಳಿದಿರುವುದನ್ನು ಈ ಹಿರಿಯರು ಎಂದಾದರೂ ಎಣಿಸಿದ್ದಾರೆಯೇ?

ಹಾಸ್ಟೆಲಿನ ತಮ್ಮಂದಿರೇ, ತಂಗೇರೇ, ಇದು ನಿಮ್ಮ ಓದಿಗೂ ತಾಗಿದ ಮಾತು. ಅವ್ವನ ಟೊಂಕ ಬಿದ್ದ ದಿನ ಮನೆಯಲ್ಲಿ ಒಂದು ಆಳಿನ ಕೂಲಿ ಕಡಿಮೆಯಾಗುತ್ತದೆ. ಆ ಜಾಗಕ್ಕೆ ಹೋಗುವುದು ಎಂಟನೆಯದೋ ಒಂಬತ್ತನೆಯದೋ ಓದುವ ತಂಗಿ. ಹೀಗೆ ಶಾಲೆ ಬಿಟ್ಟವಳ ಹೆಸರಿನ ಮುಂದೆ "ಮನೆಗೆಲಸ" ಎಂದು ಬರೆಯುತ್ತಾರೆ. ಇನ್ನು ಇಪ್ಪತ್ತು ವರ್ಷಕ್ಕೆ ಅವಳ ಟೊಂಕವೂ ಅಷ್ಟೇ. ಅಣ್ಣ ಹಾಸ್ಟೆಲಿನಲ್ಲಿ ಓದುತ್ತಿರುತ್ತಾನೆ.

2027ರ ಜನಗಣತಿಯಲ್ಲಿ ಜಾತಿಯನ್ನೂ ಎಣಿಸುತ್ತೇವೆಂದು ಕೇಂದ್ರ ಸರ್ಕಾರ 2025ರಲ್ಲಿ ಹೇಳಿದೆ. 1931ರ ನಂತರ ಎಲ್ಲ ಜಾತಿಗಳ ಎಣಿಕೆ ಜನಗಣತಿಯಲ್ಲಿ ಇದೇ ಮೊದಲು. ಒಳ್ಳೆಯದು. ಆದರೆ ಜಾತಿ ಒಂದು ಹಾಳೆಯಲ್ಲಿ, ನೋವು ಇನ್ನೊಂದು ಹಾಳೆಯಲ್ಲಿ ಇದ್ದರೆ ಎರಡೂ ಒಂದಕ್ಕೊಂದು ಮಾತಾಡುವುದಿಲ್ಲ. ಆದ್ದರಿಂದ ಮುಂದಿನ ಸೂಟಿಗೆ ಊರಿಗೆ ಹೋದಾಗ ನಾವೇ ಶುರು ಮಾಡೋಣ. ಯರಗುಪ್ಪಿಯಿಂದ ಮೊದಲಾಗಲಿ, ಆಮೇಲೆ ಕುಂದಗೋಳ, ನವಲಗುಂದ, ಅಣ್ಣಿಗೇರಿ, ಕಲಘಟಗಿಯ ಹಳ್ಳಿಗಳು. ನಮ್ಮ ಕೇರಿ ಒಂದನ್ನೇ ಅಲ್ಲ, ಊರೊಳಗಿನ ಓಣಿಗಳನ್ನೂ ಕೇಳಬೇಕು. ಇಲ್ಲದಿದ್ದರೆ ಹೋಲಿಸುವುದು ಯಾವುದರ ಜೊತೆ? ಹದಿನೈದು ವರ್ಷದವರಿಂದ ಹಿಡಿದು ಕೇಳಿ, ನಲವತ್ತೈದರ ತನಕ ಕಾಯಬೇಡಿ. ಹೆಂಗಸರನ್ನು ತಂಗೇರೇ ಕೇಳಿದರೆ ಒಳ್ಳೆಯದು, ಅದೂ ಗಂಡಸರು ಕಟ್ಟಿಯ ಮ್ಯಾಲ ಇಲ್ಲದ ಹೊತ್ತಿನಲ್ಲಿ.

"ನೋವೈತೇನು" ಎಂದು ಮಾತ್ರ ಕೇಳಬೇಡಿ. "ಏನಿಲ್ಲ ಬಿಡೋ ತಮ್ಮಾ" ಎಂಬ ಉತ್ತರ ಬರುತ್ತದೆ, ನೀವು ಸೊನ್ನೆ ಬರೆದುಕೊಂಡು ಬರುತ್ತೀರಿ. ಹೀಗೆ ಕೇಳಿ: ಕುಂತರ ಏಳಾಕ ಏನರ ಹಿಡಕೋಬೇಕೇನು? ರಾತ್ರಿ ಎಷ್ಟು ಸಲ ಎಚ್ಚರ ಆಗತೈತಿ? ಇದು ಎಷ್ಟು ಸುಗ್ಗಿಯಿಂದ ಐತಿ? ಯಾವ ಕೆಲಸದಾಗ ಶುರು ಆತು? ವಾರಕ್ಕ ಎಷ್ಟು ಗುಳಗಿ, ರೊಕ್ಕ ಎಷ್ಟು? ಕಳೆದ ವರ್ಷ ಇದರ ಸಂಬಂಧ ಎಷ್ಟು ದಿನದ ಕೂಲಿ ಹೋತು, ಬದಲಿಗೆ ಯಾರು ಹೋದರು? ನೋಟುಬುಕ್ಕಿನಲ್ಲಿ ಯಾರ ಹೆಸರನ್ನೂ ಬರೆಯಬೇಡಿ. ಓಣಿ, ಜಾತಿ, ವಯಸ್ಸು, ಗಂಡೋ ಹೆಣ್ಣೋ, ಏನು ಕೆಲಸ, ಎಷ್ಟನೆಯ ವಯಸ್ಸಿನಿಂದ, ಇಷ್ಟು ಸಾಕು. ಗುಳಗಿಯ ಖಾಲಿ ಹಾಳೆ ಸಿಕ್ಕರೆ ಅದರ ಮೇಲಿನ ಹೆಸರನ್ನು ಇದ್ದಂತೆ ಇಳಿಸಿಕೊಳ್ಳಿ. ಸೂಟಿ ಮುಗಿಸಿ ಬರುವಾಗ ನೋಟುಬುಕ್ಕು ತನ್ನಿ, ಎಲ್ಲರದ್ದೂ ಕೂಡಿಸಿ ಈ ಪತ್ರಿಕೆಯಲ್ಲೇ ಅಚ್ಚು ಹಾಕೋಣ.